ಮೇಲ್ ಬರ್ತದ, ಹೋಗವಲ್ದು

ಕಲಬುರಗಿಯ ನೆಹರು ಗಂಜ್‌ನ ಅಡತ್ ಅಂಗಡಿಗಳು, ಕಪನೂರ ಕಡೆಯ ಕೆಲವು ದಾಲ್‌ಮಿಲ್‌ಗಳು, ಒಂದಿಬ್ಬರು ವಕೀಲರು. ಇವರ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಹೊಸ ತೊಗರಿ ಗಂಜಿಗೆ ಬರುವ ಡಿಸೆಂಬರ್, ಜನವರಿಯಲ್ಲಿ ಫೋನು ಜಾಸ್ತಿ. "ಸರ್ರ, ಮೇಲ್ ಬರ್ತದ, ಹೋಗವಲ್ದು. ಪಾರ್ಟಿ ಬಿಲ್ ಕೇಳ್ಲಿಕ್ಕತ್ತ್ಯಾನ." ಎಲ್ಲರದೂ ಪುಕ್ಕಟೆ ಖಾತೆಗಳೇ. ಜಿಮೇಲ್ ಹೆಚ್ಚು, ಹಳಬರದು ಯಾಹೂ, ಒಂದೆರಡು ಹಾಟ್‌ಮೇಲ್.

ಹೋಗುವ ಮೊದಲು ಫೋನಿನಲ್ಲೇ ಒಂದು ಮಾತು ಕೇಳುತ್ತೇನೆ. ಮೇಲ್ ಔಟ್‌ಬಾಕ್ಸ್‌ನಾಗ ಕುಂತದೋ, ಸೆಂಟ್‌ಗೆ ಹೋಗ್ಯಾದೋ, ಇಲ್ಲಾ ತಿರುಗಿ ಬಂದದೋ? ಔಟ್‌ಬಾಕ್ಸ್‌ನಲ್ಲೇ ಇದ್ದರೆ ತೊಂದರೆ ನಮ್ಮ ಕಂಪ್ಯೂಟರ್‌ಗೂ ಸರ್ವರ್‌ಗೂ ನಡುವೆ. ಸೆಂಟ್‌ಗೆ ಹೋಗಿದ್ದರೆ ಆ ಕಡೆಯವರ ಸ್ಪ್ಯಾಮ್ ಮೊದಲು ನೋಡಿಸಬೇಕು. ತಿರುಗಿ ಬಂದಿದ್ದರೆ ಯಾಕೆ ಬಂತೆಂದು ಅದರಲ್ಲೇ ಬರೆದಿರುತ್ತದೆ. ಆದರೆ ಅದನ್ನು ಓದುವವರು ಯಾರು? ಇಂಗ್ಲಿಷಿನ ಉದ್ದ ಪತ್ರ ಕಂಡ ಕೂಡಲೇ ಡಿಲೀಟ್ ಮಾಡಿ, ಅದೇ ಮೇಲ್ ಮತ್ತೆ ಕಳಿಸುತ್ತಾರೆ. ಅದನ್ನು ಅಳಿಸಬೇಡಿ, ಫೋಟೊ ಹೊಡೆದು ನನಗೆ ವಾಟ್ಸ್‌ಆ್ಯಪ್ ಮಾಡಿ ಎಂದು ಹೇಳಿ ಹೇಳಿ ಈಗ ಕೆಲವರು ಕಲಿತಿದ್ದಾರೆ. ಅದರಲ್ಲಿ ಮೂರಂಕಿಯ ಒಂದು ಸಂಖ್ಯೆ ಇರುತ್ತದೆ. 4ರಿಂದ ಶುರುವಾದರೆ ತಾತ್ಕಾಲಿಕ, ಸರ್ವರ್ ತಾನೇ ಮತ್ತೆ ಪ್ರಯತ್ನಿಸುತ್ತದೆ, ಸುಮ್ಮನಿದ್ದರೆ ಸಾಕು. 5ರಿಂದ ಶುರುವಾದರೆ ಸುಮ್ಮನಿದ್ದು ಪ್ರಯೋಜನವಿಲ್ಲ. 550 ಎಂದಿದ್ದು ಜೊತೆಗೆ 5.1.1 ಇದ್ದರೆ ಅಂಥ ವಿಳಾಸವೇ ಇಲ್ಲ. '@' ಗುರುತಿನ ಮೊದಲಿನ ಹೆಸರಿನ ಕಾಗುಣಿತ ತಪ್ಪಿರುತ್ತದೆ. ಕೊನೆಯ 'ಕಾಮ್' 'ಕಾನ್' ಆಗಿದ್ದರೆ ಡೊಮೇನೇ (ವಿಳಾಸದಲ್ಲಿ '@' ನಂತರದ ಭಾಗ) ಸಿಗಲಿಲ್ಲ ಎಂದು ಬರುತ್ತದೆ.

ನನ್ನ ಬಹುಪಾಲು ಹೊತ್ತು ಹೋಗುವುದು 535ರಲ್ಲಿ. ಹಾಗೆಂದರೆ ಯೂಸರ್‌ನೇಮ್, ಪಾಸ್‌ವರ್ಡ್ ಒಪ್ಪಲಿಲ್ಲ ಎಂದು. ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿಯಿಂದ ನೇರ ಬಿಲ್ ಮೇಲ್ ಮಾಡುವ ಅಂಗಡಿಗಳಲ್ಲಿ ಇದು ತಪ್ಪಿದ್ದಲ್ಲ. ಸ್ಕ್ಯಾನ್ ಮಾಡಿ ತಾನೇ ಮೇಲ್ ಕಳಿಸುವ ಜೆರಾಕ್ಸ್ ಮಶೀನ್‌ಗಳದ್ದೂ ಇದೇ ಕಥೆ. ಮುನೀಮರು ವಾದಕ್ಕೇ ನಿಲ್ಲುತ್ತಾರೆ: "ಪಾಸ್‌ವರ್ಡ್ ಬರೋಬರಿ ಅದ ರೀ. ಮೊಬೈಲ್‌ನಾಗ ಹೋಗ್ತದ, ಇದರಾಗ ಯಾಕ ಹೋಗವಲ್ದು?" ಅವರ ಮಾತೂ ಸುಳ್ಳಲ್ಲ. ಮೊಬೈಲ್ ಗೂಗಲ್‌ನ ಪುಟದಲ್ಲೇ ಲಾಗಿನ್ ಆಗಿ ಅನುಮತಿ ಪಡೆದಿರುತ್ತದೆ. ಹಳೆಯ ಸಾಫ್ಟ್‌ವೇರ್ ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಬಿಡು ಎನ್ನುತ್ತದೆ. ಸಾಮಾನ್ಯ ಜಿಮೇಲ್ ಖಾತೆಗಳಿಗೆ ಈ ರೀತಿಯ ಪ್ರವೇಶವನ್ನು ಗೂಗಲ್ 2022ರ ಮೇ 30ರಿಂದ ನಿಲ್ಲಿಸಿತು. ಖಾತೆಯ ಪಾಸ್‌ವರ್ಡ್ ಎಷ್ಟೇ ಸರಿಯಿದ್ದರೂ ಅಲ್ಲಿ ನಡೆಯದು.

ಪರಿಹಾರ ಆಪ್ ಪಾಸ್‌ವರ್ಡ್, ಅಂದರೆ ಇಂಥ ಸಾಫ್ಟ್‌ವೇರ್‌ಗೆಂದೇ ಗೂಗಲ್ ಬೇರೆಯಾಗಿ ಕೊಡುವ ಪಾಸ್‌ವರ್ಡ್. ಗೂಗಲ್ ಖಾತೆಯ ಸೆಕ್ಯುರಿಟಿಗೆ ಹೋಗಿ ಮೊದಲು ಟೂ ಸ್ಟೆಪ್ ವೆರಿಫಿಕೇಶನ್ ಹಾಕಬೇಕು. ಅದಿಲ್ಲದೆ ಆಪ್ ಪಾಸ್‌ವರ್ಡ್ ಕೊಡುವುದಿಲ್ಲ. ಆಮೇಲೆ 16 ಅಕ್ಷರಗಳ ಒಂದು ಪಾಸ್‌ವರ್ಡ್ ಬರುತ್ತದೆ. ಅದನ್ನು ತೋರಿಸುವುದು ಒಂದೇ ಸಲ. ನಾಲ್ಕು ನಾಲ್ಕು ಅಕ್ಷರದ ಗುಂಪಾಗಿ ಕಂಡರೂ ನಾನು ಜಾಗ ಬಿಡದೆ ಒಂದೇ ಸಮನೆ ಹೊಡೆಯುತ್ತೇನೆ. ಹೇಳಲು ಐದು ನಿಮಿಷದ ಕೆಲಸ. ಆದರೆ ಓಟಿಪಿ ಬರುವುದು ಸಾಹುಕಾರರ ಮೊಬೈಲ್‌ಗೆ, ಸಾಹುಕಾರರು ಇರುವುದು ಹೈದರಾಬಾದ್‌ನಲ್ಲಿ! ಹಾಗಾಗಿ ಅವರು ಗಾದಿಯ ಮೇಲೆ ಕುಳಿತಿದ್ದಾರೆ ಎಂದು ಖಾತ್ರಿಯಾದ ಮೇಲೇ ನಾನು ಗಾಡಿ ತೆಗೆಯುವುದು.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಖಾತೆಯ ಮೂಲ ಪಾಸ್‌ವರ್ಡ್ ಬದಲಿಸಿದರೆ ಮಾಡಿಟ್ಟ ಆಪ್ ಪಾಸ್‌ವರ್ಡ್‌ಗಳೆಲ್ಲ ರದ್ದಾಗುತ್ತವೆ. ನಿನ್ನೆವರೆಗೆ ಹೋಗುತ್ತಿದ್ದ ಬಿಲ್ ಇವತ್ತು ನಿಂತಿತೆಂದರೆ ನನ್ನ ಮೊದಲ ಪ್ರಶ್ನೆ, "ಮನ್ಯಾಗ ಯಾರರೆ ಪಾಸ್‌ವರ್ಡ್ ಛೇಂಜ್ ಮಾಡ್ಯಾರೇನ್ರಿ?" ಸಾಮಾನ್ಯವಾಗಿ ಮಗ ಮಾಡಿರುತ್ತಾನೆ.

ಹಾಟ್‌ಮೇಲ್, ಔಟ್‌ಲುಕ್ ಡಾಟ್ ಕಾಮ್ ಖಾತೆಗಳಿಗೆ ಈ ಉಪಾಯವೂ ನಡೆಯದು. ಬರೀ ಪಾಸ್‌ವರ್ಡ್‌ನ ಲಾಗಿನ್ನನ್ನು ಮೈಕ್ರೋಸಾಫ್ಟ್ 2024ರ ಸೆಪ್ಟೆಂಬರ್ 16ರಂದು ಪೂರ್ತಿ ಮುಚ್ಚಿತು. ಅವರಿಗೆ ಥಂಡರ್‌ಬರ್ಡ್ ಎಂಬ ಮೇಲ್ ಸಾಫ್ಟ್‌ವೇರ್ ಹಾಕಿ, ದೃಢೀಕರಣದ ಜಾಗದಲ್ಲಿ 'ಓಆಥ್2' (ಕಂಪನಿಯ ಪುಟದಲ್ಲೇ ಲಾಗಿನ್ ಆಗಿ ಅನುಮತಿ ಪಡೆಯುವ ರೀತಿ) ಆರಿಸಿಕೊಡುತ್ತೇನೆ.

ಔಟ್‌ಬಾಕ್ಸ್‌ನಲ್ಲೇ ಸುತ್ತುತ್ತ ಕುಳಿತ ಮೇಲ್‌ಗೆ ಪೋರ್ಟ್, ಅಂದರೆ ಸರ್ವರ್‌ನ ಯಾವ ಬಾಗಿಲಿಗೆ ಹೋಗಬೇಕೆಂಬ ಸಂಖ್ಯೆ, ನೋಡಬೇಕು. ಹಳೆಯ ಸೆಟ್ಟಿಂಗ್‌ಗಳಲ್ಲಿ ಇನ್ನೂ 25 ಇರುತ್ತದೆ. ಸ್ಪ್ಯಾಮ್ ತಡೆಯಲೆಂದು ಇಂಟರ್‌ನೆಟ್ ಕಂಪನಿಗಳು ಮನೆ, ಅಂಗಡಿಗಳ ಲೈನ್‌ನಲ್ಲಿ ಅದನ್ನು ಮುಚ್ಚಿರುವುದೇ ಹೆಚ್ಚು. ಮೇಲನ್ನು ಗುಪ್ತವಾಗಿ ಸಾಗಿಸುವ ಸೆಟ್ಟಿಂಗ್ 587 ಹಾಕಿದರೆ ಸ್ಟಾರ್ಟ್‌ಟಿಎಲ್‌ಎಸ್, 465 ಹಾಕಿದರೆ ಎಸ್‌ಎಸ್‌ಎಲ್. ಈ ಜೋಡಿ ಅದಲುಬದಲಾದರೆ ತಪ್ಪೆಂದು ಹೇಳುವುದೂ ಇಲ್ಲ, ಹೋಗುವುದೂ ಇಲ್ಲ. ಲೈನಿನದೋ ಸೆಟ್ಟಿಂಗ್‌ನದೋ ಎಂಬ ಅನುಮಾನ ಬಂದರೆ ನನ್ನ ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿ ಕಳಿಸುತ್ತೇನೆ. ಹೋದರೆ ತಂಟೆ ಲೈನಿನದು. ವಿಂಡೋಸ್ ಮತ್ತೆ ಹಾಕಿಸಿ ಎಂದು ಸಲಹೆ ಕೊಡುವವರು ಊರಲ್ಲಿ ಬಹಳ ಇದ್ದಾರೆ. ನಾನು ಮೇಲ್‌ಗಾಗಿ ಆ ಕೆಲಸ ಮಾಡುವುದಿಲ್ಲ.

ಇಲ್ಲಿಯ ಕರೆಂಟಿನ ಆಟದಲ್ಲಿ ಇನ್ನೊಂದು ಪೀಡೆ. ಮದರ್‌ಬೋರ್ಡಿನ ಸೆಲ್ ಸತ್ತಿದ್ದರೆ ಕರೆಂಟು ಹೋಗಿ ಬಂದಾಗ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಸರ್ವರ್‌ನ ಸರ್ಟಿಫಿಕೇಟ್ (ಅವಧಿ ಬರೆದಿರುವ ಅದರ ಗುರುತಿನ ಪತ್ರ) ಹೊಂದುವುದಿಲ್ಲ, ಮೇಲ್ ನಿಲ್ಲುತ್ತದೆ. ಬಿಲ್ಲಿನ ಮೇಲೆ ತಪ್ಪು ತಾರೀಖು ಬಿದ್ದಾಗಲೇ ಮುನೀಮರಿಗೆ ಗೊತ್ತಾಗಬೇಕಿತ್ತು, ಇರಲಿ. ಒಂದು ಸಿಆರ್2032 ಸೆಲ್ ಹಾಕಿದರೆ ಮುಗಿಯಿತು.

ವಕೀಲರದು ಯಾವಾಗಲೂ ತೂಕದ ತಕರಾರು. ಪಹಣಿ, ಖರೀದಿ ಪತ್ರ ಎಲ್ಲ ಕಲರ್‌ನಲ್ಲಿ 600 ಡಿಪಿಐ (ಒಂದು ಇಂಚಿಗೆ ಇಷ್ಟು ಚುಕ್ಕಿ) ಸ್ಕ್ಯಾನ್ ಮಾಡುತ್ತಾರೆ. ಜಿಮೇಲ್ ಮಿತಿ 25 ಎಂಬಿ ನಿಜ, ಆದರೆ ಕಳಿಸುವಾಗ ಫೈಲನ್ನು ಅಕ್ಷರಗಳಾಗಿ ಮಾರ್ಪಡಿಸುವುದರಿಂದ ಅದು ಮೂರನೇ ಒಂದು ಭಾಗದಷ್ಟು ಉಬ್ಬುತ್ತದೆ. ಹಾಗಾಗಿ 18 ಎಂಬಿ ದಾಟಿದರೆ ನಂಬಿಕೆ ಇಲ್ಲ. ಕಪ್ಪು ಬಿಳುಪು, 200 ಡಿಪಿಐ ಇಟ್ಟುಕೊಟ್ಟೆ, ಅಕ್ಷರ ಚೊಕ್ಕ ಕಾಣುತ್ತವೆ. ಒಬ್ಬ ಸಾಹುಕಾರರ ಮೇಲ್ ಬರುವುದೂ ನಿಂತಿತ್ತು. ಪುಕ್ಕಟೆಯ 15 ಜಿಬಿ ಮೇಲ್, ಡ್ರೈವ್, ಫೋಟೊ ಮೂರಕ್ಕೂ ಸೇರಿಯೇ. ಮೊಮ್ಮಗನ ಜವಳದ ವಿಡಿಯೋ ಅಷ್ಟೂ ಜಾಗ ತಿಂದಿತ್ತು. ತೊಗರಿ ದರದ ಪಟ್ಟಿಯನ್ನು ಕಂಡಕಂಡವರಿಗೆಲ್ಲ ಕಳಿಸುವವರಿಗೆ ಜಿಮೇಲ್‌ನಲ್ಲಿ ದಿನಕ್ಕೆ 500 ಮೇಲ್‌ಗಳ ಮಿತಿ ಇದೆ. ದಾಟಿದರೆ ಒಂದು ದಿನದವರೆಗೂ ಕಳಿಸಲು ಬಿಡುವುದಿಲ್ಲ.

ಈಗ ತಲೆನೋವಾಗಿರುವುದು ಒಂದು ಮಿಲ್‌ನ ಯಾಹೂ ವಿಳಾಸ. ಬೇಳೆಯ ಚೀಲದ ಮೇಲೆ ಛಾಪಿಸಿದ್ದಾರೆ, ಬಿಡುವಂತಿಲ್ಲ. ಅದೇ ಹೆಸರಿನಲ್ಲಿ ಬೇರೆ ಸರ್ವರ್‌ನಿಂದ ಕಳಿಸಿದರೆ ಸೆಂಟ್‌ನಲ್ಲಿ ಕಾಣುತ್ತದೆ, ಪಾರ್ಟಿಗೆ ಮುಟ್ಟುವುದಿಲ್ಲ. ತನ್ನ ಗುರುತಿಲ್ಲದೆ ಬಂದ ಯಾಹೂ ಮೇಲನ್ನು ತಿರಸ್ಕರಿಸಿ ಎಂದು 2014ರಲ್ಲೇ ಯಾಹೂ ಜಗತ್ತಿಗೆಲ್ಲ ಹೇಳಿಬಿಟ್ಟಿದೆ. ಸ್ವಂತ ಡೊಮೇನ್ ತಗೊಳ್ಳಿ ಎಂದೆ. "ಚೀಲ ಮುಗೀಲಿ, ಆಮ್ಯಾಲ ನೋಡೋಣು" ಎಂದರು. ಅಲ್ಲಿಯವರೆಗೆ ಯಾಹೂದೇ ಸರ್ವರ್, 465, ಯಾಹೂದೇ ಆಪ್ ಪಾಸ್‌ವರ್ಡ್ ಹಾಕಿಕೊಟ್ಟು ಬಂದಿದ್ದೇನೆ.