ಒಂದು ಟ್ರಾನ್ಸ್‌ಮಿಟರ್, ಎರಡು ಕಡೆ ಸಿಗ್ನಲ್
ಒಂದೇ ಟ್ರಾನ್ಸ್‌ಮಿಟರ್‌ನ (ಒತ್ತಡ, ತಾಪದಂಥದ್ದನ್ನು ಅಳೆದು ಕರೆಂಟ್ ಸಿಗ್ನಲ್ ಆಗಿ ಕಳಿಸುವ ಸಾಧನ) 4-20 ಮಿಲಿಆಂಪ್ ಸಿಗ್ನಲ್ ಪಿಎಲ್‌ಸಿಗೂ (ಪ್ಲಾಂಟ್ ಯಂತ್ರಗಳನ್ನು ನಡೆಸುವ ಕಂಟ್ರೋಲರ್) ಡಿಸ್‌ಪ್ಲೇಗೂ ಬೇಕಾದರೆ ಎರಡನ್ನೂ ಸೀರೀಸ್‌ನಲ್ಲಿ, ಅಂದರೆ ಒಂದೇ ಲೂಪ್‌ನಲ್ಲಿ ಒಂದರ ಹಿಂದೆ ಒಂದು, ಜೋಡಿಸಬೇಡಿ, ನಡುವೆ ಸಿಗ್ನಲ್ ಸ್ಪ್ಲಿಟರ್ ಹಾಕಿ. ಅದರ ಎರಡೂ ಔಟ್‌ಪುಟ್ ಬೇರೆಬೇರೆಯಾಗಿ ಐಸೊಲೇಟ್ ಆಗಿರಲಿ, ಅಂದರೆ ಒಂದಕ್ಕೊಂದು ನೇರ ವಿದ್ಯುತ್ ಸಂಪರ್ಕ ಇರದಿರಲಿ. ಸೀರೀಸ್‌ನಲ್ಲಿ ಡಿಸ್‌ಪ್ಲೇ ವೈರ್ ಬಿಚ್ಚಿದರೆ ಲೂಪ್ ಕಡಿದು ಪಿಎಲ್‌ಸಿ ರೀಡಿಂಗೂ ಹೋಗುತ್ತದೆ, ಸ್ಪ್ಲಿಟರ್ ಇದ್ದರೆ ಹೋಗುವುದಿಲ್ಲ. ಸೇಡಂ, ವಾಡಿ ಕಡೆಯ ಸಿಮೆಂಟ್ ಪ್ಲಾಂಟ್‌ಗಳಲ್ಲಿ ಕೇಬಲ್ ಉದ್ದ ಜಾಸ್ತಿ, ಅರ್ಥಿಂಗ್ ಒಂದೊಂದು ಕಡೆ ಒಂದೊಂದು ಥರ, ಅಲ್ವಾ? ಗ್ರೌಂಡ್ ಲೂಪಿನಿಂದ (ಎರಡು ಅರ್ಥಿಂಗ್‌ಗಳ ನಡುವೆ ಹರಿಯುವ ಬೇಡದ ಕರೆಂಟ್) ರೀಡಿಂಗ್ ಕುಣಿಯುವುದೂ ಈ ಐಸೊಲೇಶನ್‌ನಿಂದ ನಿಲ್ಲುತ್ತದೆ. ಆದರೆ ಬೇರೆ ಸಪ್ಲೈ ಇಲ್ಲದೆ ಲೂಪ್‌ನಿಂದಲೇ ಪವರ್ ತೆಗೆದುಕೊಳ್ಳುವ ಐಸೊಲೇಟರ್ (ಹೀಗೆ ಐಸೊಲೇಟ್ ಮಾಡುವ ಸಾಧನ) ಆದರೆ ಸುಮ್ನೆ ಹಾಕಬೇಡಿ, ಮೊದಲು ಲೆಕ್ಕ ಮಾಡಿ. 20 ಮಿಲಿಆಂಪ್‌ನಲ್ಲಿ 250 ಓಮ್ ಲೋಡ್ ಒಂದೇ 5 ವೋಲ್ಟ್ ತಿನ್ನುತ್ತದೆ. ಐಸೊಲೇಟರ್‌ದೂ, ಕೇಬಲ್‌ದೂ ಸೇರಿದರೆ 24 ವೋಲ್ಟಿನಲ್ಲಿ ಟ್ರಾನ್ಸ್‌ಮಿಟರ್‌ಗೆ ಉಳಿಯುವುದು ಸಾಲದೆ ಹೋಗಬಹುದು. ಹಾರ್ಟ್ (HART, ಅದೇ ವೈರ್‌ನಲ್ಲಿ ಸಾಗುವ ಡಿಜಿಟಲ್ ಸಿಗ್ನಲ್) ಕಮ್ಯುನಿಕೇಟರ್ ಬಳಸುವವರು ಹಾರ್ಟ್ ದಾಟಿಸುವ ಮಾದರಿಯನ್ನೇ ಕೇಳಿ ತನ್ನಿ, ಎಲ್ಲವೂ ದಾಟಿಸುವುದಿಲ್ಲ.