ಹರ್ನಿಯಾ ಶಸ್ತ್ರಚಿಕಿತ್ಸೆಗೆ ಕಾಯುವ ದಿನಗಳಲ್ಲಿ ಭಾರದ ವ್ಯಾಯಾಮ

ಹರ್ನಿಯಾ ಇದೆಯೆಂದು ಖಚಿತವಾಗಿ, ಶಸ್ತ್ರಚಿಕಿತ್ಸೆಗೆ ಇನ್ನೂ ಕೆಲವು ವಾರಗಳೋ ತಿಂಗಳುಗಳೋ ಉಳಿದಿರುವಾಗ, ನಿತ್ಯ ಜಿಮ್‌ಗೆ ಹೋಗುತ್ತಿದ್ದವರಿಗೆ ಸಿಗುವ ಸಲಹೆ ಬಹುಮಟ್ಟಿಗೆ ‘ಭಾರ ಎತ್ತಬೇಡಿ’ ಎಂಬಲ್ಲಿಗೇ ನಿಲ್ಲುತ್ತದೆ. ಎಷ್ಟು ಭಾರ, ಯಾವ ಭಂಗಿಯಲ್ಲಿ, ಕೂತೋ ನಿಂತೋ ಎಂಬ ವಿವರ ಅದರಲ್ಲಿರುವುದಿಲ್ಲ. ಹೀಗಾಗಿ ಕೆಲವರು ಎಲ್ಲವನ್ನೂ ಬಿಟ್ಟು ಕೂರುತ್ತಾರೆ, ಇನ್ನು ಕೆಲವರು ನೋವಿಲ್ಲವಲ್ಲ ಎಂದುಕೊಂಡು ಹಿಂದಿನಂತೆಯೇ ಡೆಡ್‌ಲಿಫ್ಟ್ (ನೆಲದಿಂದ ಭಾರದ ಬಾರ್ ಎತ್ತುವುದು) ಮುಂದುವರಿಸುತ್ತಾರೆ. ಈ ಎರಡರ ನಡುವೆ ಒಂದು ದಾರಿಯಿದೆ. ಆದರೆ ಆ ದಾರಿ ಹಿಡಿಯುವ ಮೊದಲು ನಿಮ್ಮ ಸರ್ಜನ್ ನಿಮ್ಮನ್ನು ಪರೀಕ್ಷಿಸಿ, ವ್ಯಾಯಾಮಕ್ಕೆ ಒಪ್ಪಿಗೆ ಕೊಟ್ಟಿರಬೇಕು.

ಹೊಟ್ಟೆಯ ಗೋಡೆಯಲ್ಲಿ ದುರ್ಬಲವಾದ ಒಂದು ಜಾಗದ ಮೂಲಕ ಒಳಗಿನ ಕೊಬ್ಬಿನ ಪದರವೋ ಕರುಳಿನ ಭಾಗವೋ ಹೊರಗೆ ತಳ್ಳಿಕೊಂಡು ಬರುವುದೇ ಹರ್ನಿಯಾ. ತೊಡೆಸಂದಿನಲ್ಲಿ ಕಾಣಿಸಿಕೊಳ್ಳುವುದು ಹೆಚ್ಚು. ಹೊಕ್ಕುಳಲ್ಲಿ, ಹೊಕ್ಕುಳಿನ ಮೇಲ್ಭಾಗದಲ್ಲಿ, ಹಳೆಯ ಶಸ್ತ್ರಚಿಕಿತ್ಸೆಯ ಗಾಯದಲ್ಲಿ ಕೂಡ ಬರುತ್ತದೆ. ಈ ರಂಧ್ರ ವ್ಯಾಯಾಮದಿಂದ ಮುಚ್ಚಿಕೊಳ್ಳುವುದಿಲ್ಲ. ಸುತ್ತಲಿನ ಸ್ನಾಯುಗಳನ್ನು ಬಲಪಡಿಸಿದರೆ ಹರ್ನಿಯಾ ತಾನಾಗಿ ವಾಸಿಯಾಗುತ್ತದೆ ಎಂದು ಹೇಳುವ ವಿಡಿಯೋಗಳನ್ನು ನಂಬಿ ಶಸ್ತ್ರಚಿಕಿತ್ಸೆ ಮುಂದೂಡಬೇಡಿ. ಕಾಯುವ ದಿನಗಳಲ್ಲಿ ವ್ಯಾಯಾಮದ ಗುರಿ ಇದ್ದ ಶಕ್ತಿಯನ್ನು ಉಳಿಸಿಕೊಳ್ಳುವುದಷ್ಟೇ.

ರಂಧ್ರದ ಮೂಲಕ ಒಳಗಿನದನ್ನು ಹೊರತಳ್ಳುವುದು ಹೊಟ್ಟೆಯೊಳಗಿನ ಒತ್ತಡ. ಈ ಒತ್ತಡವನ್ನು ಕೈಯಲ್ಲಿರುವ ತೂಕವೊಂದೇ ನಿರ್ಧರಿಸುವುದಿಲ್ಲ ಎಂಬುದನ್ನು 2005ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನ ಚೆನ್ನಾಗಿ ತೋರಿಸುತ್ತದೆ. 20 ಮಂದಿ ಆರೋಗ್ಯವಂತ ಯುವಜನರಲ್ಲಿ ಅಳೆದಾಗ, ಸುಮ್ಮನೆ ನಿಂತಿದ್ದರೆ ಸರಾಸರಿ 20 ಮಿಲಿಮೀಟರ್ ಪಾದರಸದಷ್ಟಿದ್ದ ಒತ್ತಡ, ಸುಮಾರು ನಾಲ್ಕೂವರೆ ಕಿಲೋ ತೂಕ ಎತ್ತಿದಾಗ 25ರ ಆಸುಪಾಸಿನಲ್ಲೇ ಉಳಿಯಿತು. ಕೆಮ್ಮಿದಾಗ ಮಾತ್ರ 107ಕ್ಕೆ, ಜಿಗಿದಾಗ 171ಕ್ಕೆ ಏರಿತು. ಅಂದರೆ ಹಗುರವಾದ ಡಂಬಲ್‌ಗಿಂತ ಒಂದು ಒಣಕೆಮ್ಮು ಹರ್ನಿಯಾವನ್ನು ಹೆಚ್ಚು ತಳ್ಳುತ್ತದೆ. ಆದರೆ ದೊಡ್ಡ ತೂಕ ಎತ್ತುವಾಗ ನಾವು ತಿಳಿದೋ ತಿಳಿಯದೆಯೋ ಉಸಿರು ಕಟ್ಟಿ ತಿಣುಕುತ್ತೇವೆ. ಹಾಗೆ ತಿಣುಕಿದಾಗ ಹೊಟ್ಟೆ ಗಟ್ಟಿಯಾದ ಕೊಡದಂತಾಗಿ ಬೆನ್ನುಮೂಳೆಗೆ ಆಸರೆ ಕೊಡುತ್ತದೆ. ಅದಕ್ಕಾಗಿಯೇ ಭಾರ ಎತ್ತುವವರು ಅದನ್ನು ಅಭ್ಯಾಸ ಮಾಡಿಕೊಂಡಿರುತ್ತಾರೆ. ಗೋಡೆಯಲ್ಲಿ ರಂಧ್ರವಿರುವ ಕೊಡಕ್ಕೆ ಅದೇ ಅಪಾಯ.

ಅಪಾಯದ ಪ್ರಮಾಣವನ್ನೂ ಸರಿಯಾಗಿ ತಿಳಿದುಕೊಳ್ಳುವುದು ಒಳ್ಳೆಯದು. ತೊಡೆಸಂದಿನ ಹರ್ನಿಯಾ ಇದ್ದೂ ಹೆಚ್ಚು ತೊಂದರೆಯಿಲ್ಲದ 720 ಪುರುಷರನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಶಸ್ತ್ರಚಿಕಿತ್ಸೆಯಿಲ್ಲದೆ ಕಾದವರಲ್ಲಿ ತುರ್ತುಸ್ಥಿತಿ ಬಂದದ್ದು ವರ್ಷಕ್ಕೆ ಸಾವಿರಕ್ಕೆ ಇಬ್ಬರಿಗಿಂತಲೂ ಕಡಿಮೆ. ಈ ಸಮಾಧಾನ ಎಲ್ಲರಿಗೂ ಅನ್ವಯಿಸುವುದಿಲ್ಲ. ತೊಡೆಸಂದಿಗಿಂತ ಸ್ವಲ್ಪ ಕೆಳಗೆ, ತೊಡೆಯ ಮೇಲ್ತುದಿಯಲ್ಲಿ ಬರುವ, ಹೆಂಗಸರಲ್ಲಿ ಹೆಚ್ಚಾಗಿ ಕಾಣುವ ಫೀಮರಲ್ ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಳ್ಳುವ ಸಂಭವ ಬಹಳ ಹೆಚ್ಚು. ಆ ಬಗೆಯವರು, ಉಬ್ಬು ಒಳಗೆ ಹೋಗದೇ ಇರುವವರು, ವಾರದಿಂದ ವಾರಕ್ಕೆ ಉಬ್ಬು ದೊಡ್ಡದಾಗುತ್ತಿರುವವರು ಈ ಬರಹವನ್ನು ಬದಿಗಿಟ್ಟು ನಡಿಗೆಗಷ್ಟೇ ಸೀಮಿತವಾಗಬೇಕು.

ಮಲಗಿದರೆ ಒಳಸರಿಯುತ್ತಿದ್ದ ಉಬ್ಬು ಒಳಗೆ ಹೋಗದೆ ಗಟ್ಟಿಯಾದರೆ, ಮುಟ್ಟಿದರೆ ತೀವ್ರವಾಗಿ ನೋಯತೊಡಗಿದರೆ, ಮೇಲಿನ ಚರ್ಮ ಕೆಂಪಾಗಿಯೋ ನೇರಳೆಯಾಗಿಯೋ ತಿರುಗಿದರೆ, ವಾಂತಿ ಅಥವಾ ಜ್ವರ ಬಂದರೆ, ಗಾಳಿ ಮತ್ತು ಮಲ ಹೋಗುವುದು ನಿಂತರೆ, ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಬೇಕು. ಉಬ್ಬನ್ನು ಬಲವಂತವಾಗಿ ಒಳಗೆ ಒತ್ತುವ ಪ್ರಯತ್ನ ಬೇಡ.

ಇನ್ನು ಅಭ್ಯಾಸದ ವಿಷಯ. ಮೊದಲ ನಿಯಮ ಉಸಿರಿನದು: ಎತ್ತುವಾಗ ಅಥವಾ ತಳ್ಳುವಾಗ ಬಾಯಿಯಿಂದ ನಿಧಾನವಾಗಿ ಉಸಿರು ಬಿಡಬೇಕು, ಇಳಿಸುವಾಗ ಎಳೆದುಕೊಳ್ಳಬೇಕು. ಇದನ್ನು ಪರೀಕ್ಷಿಸಲು ಸುಲಭವಾದ ಉಪಾಯವೆಂದರೆ ಎಣಿಕೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಬಾಯಿಬಿಟ್ಟು ಎಣಿಸುವುದು. ‘ಎಂಟು’ ಎನ್ನುವಾಗ ದನಿ ಬಿಗಿದರೆ ಅಲ್ಲಿಗೇ ಆ ಸೆಟ್ (ನಿಲ್ಲಿಸದೆ ಮಾಡುವ ಒಂದು ಸುತ್ತು) ಮುಗಿಯಿತು. ಒಂಬತ್ತನೆಯದನ್ನು ಮಾಡುವ ಹಟ ಬೇಡ. ತೂಕವನ್ನು ಕೂಡ ಹೀಗೆಯೇ ಆರಿಸಿಕೊಳ್ಳಬೇಕು: ಸೆಟ್ ನಿಲ್ಲಿಸಿದಾಗ ಇನ್ನೂ ನಾಲ್ಕೈದು ರೆಪ್ (ಎತ್ತಿ ಇಳಿಸುವ ಒಂದೊಂದು ಸಲ) ಸಲೀಸಾಗಿ ಮಾಡಬಹುದಿತ್ತು ಎನ್ನಿಸಬೇಕು. ಹಿಂದೆ ಎತ್ತುತ್ತಿದ್ದ ತೂಕದ ಅರ್ಧದಿಂದ ಆರಂಭಿಸುವುದು ನನ್ನ ಅಂದಾಜು. ಅದೂ ಹೆಚ್ಚೆನಿಸಿದರೆ ಇನ್ನೂ ಇಳಿಸಬೇಕು.

ಎರಡನೆಯದು ಕೈಯ ಪರೀಕ್ಷೆ. ಹೊಸ ವ್ಯಾಯಾಮವನ್ನು ಮೊದಲ ಸಲ ಮಾಡುವಾಗ ಒಂದು ಕೈಯನ್ನು ಉಬ್ಬಿನ ಮೇಲೆ ಮೃದುವಾಗಿ ಇಟ್ಟುಕೊಂಡು, ತೂಕವಿಲ್ಲದೆ ಆ ಚಲನೆಯನ್ನು ಮಾಡಿನೋಡಿ. ಅಂಗೈಗೆ ಏನಾದರೂ ತಳ್ಳಿದಂತೆ ಅನುಭವಕ್ಕೆ ಬಂದರೆ ಆ ವ್ಯಾಯಾಮ ಸದ್ಯಕ್ಕೆ ಬೇಡ. ನೋವು ಇಲ್ಲದಿರುವುದು ಒಪ್ಪಿಗೆಯ ಗುರುತಲ್ಲ, ಏಕೆಂದರೆ ಹರ್ನಿಯಾ ಬಹಳಷ್ಟು ಸಲ ನೋವಿಲ್ಲದೆಯೇ ಹೊರಬರುತ್ತದೆ.

ಆಸರೆಯಿರುವ ಭಂಗಿಗಳನ್ನು ಆರಿಸಿಕೊಂಡರೆ ಕೆಲಸ ಹಗುರವಾಗುತ್ತದೆ. ಎದೆಯ ಸ್ನಾಯುಗಳಿಗೆ, ಬೆಂಚಿನ ಮೇಲೆ ಅಂಗಾತ ಮಲಗಿ ಹಗುರ ಡಂಬಲ್ ತಳ್ಳುವುದು ಅಥವಾ ಕೂತು ಮಾಡುವ ಚೆಸ್ಟ್ ಪ್ರೆಸ್. ಬೆನ್ನಿನ ಸ್ನಾಯುಗಳಿಗೆ, ಎದೆಯನ್ನು ಮೆತ್ತೆಗೆ ಒರಗಿಸಿ ಎಳೆಯುವ ರೋ ಮತ್ತು ಕೂತು ಮೇಲಿನ ಪಟ್ಟಿಯನ್ನು ಕೆಳಕ್ಕೆಳೆಯುವ ಲ್ಯಾಟ್ ಪುಲ್‌ಡೌನ್. ತೋಳು ಮತ್ತು ಭುಜಕ್ಕೆ ಒಂದೊಂದೇ ಕೈಯಿಂದ ಮಾಡುವ ಕರ್ಲ್ ಮತ್ತು ಪಕ್ಕಕ್ಕೆ ಎತ್ತುವ ಚಲನೆ ಸಾಕು. ಅಂಗಾತ ಮಲಗಿದಾಗ ಗುರುತ್ವವೇ ಹರ್ನಿಯಾವನ್ನು ಒಳಕ್ಕೆ ಸರಿಸುವುದರಿಂದ ಆ ಭಂಗಿ ಹಲವರಿಗೆ ಹಿತವಾಗಿರುತ್ತದೆ, ಆದರೆ ಎದ್ದೇಳುವಾಗ ಸಿಟ್‌ಅಪ್‌ನಂತೆ ನೇರವಾಗಿ ಏಳದೆ ಪಕ್ಕಕ್ಕೆ ಹೊರಳಿ, ಕೈಯೂರಿ ಏಳಬೇಕು.

ಕಾಲುಗಳ ವಿಷಯದಲ್ಲೇ ಜನ ಹೆಚ್ಚು ತಪ್ಪುವುದು. ಬಾರ್‌ಬೆಲ್ ಹೊತ್ತು ಬಸ್ಕಿ ಹೊಡೆಯುವುದು, ಡೆಡ್‌ಲಿಫ್ಟ್, ಮೊಣಕಾಲು ಹೊಟ್ಟೆಗೆ ತಾಗುವಷ್ಟು ಇಳಿಸುವ ಲೆಗ್ ಪ್ರೆಸ್ ಇವು ಮೂರೂ ಈ ಅವಧಿಗೆ ಹೊಂದುವುದಿಲ್ಲ. ಇವುಗಳ ಬದಲಿಗೆ ಕೂತು ಮಾಡುವ ಲೆಗ್ ಎಕ್ಸ್‌ಟೆನ್ಷನ್ ಮತ್ತು ಲೆಗ್ ಕರ್ಲ್, ಹಿಮ್ಮಡಿ ಎತ್ತುವುದು, ಗಿಡ್ಡ ಮೆಟ್ಟಿಲು ಹತ್ತಿ ಇಳಿಯುವುದು, ಕುರ್ಚಿಯ ಎತ್ತರದ ತನಕ ಕೂತು ಏಳುವುದು ಇವುಗಳಲ್ಲಿ ನಾಲ್ಕನ್ನು ಆರಿಸಿಕೊಳ್ಳಿ. ತೊಡೆಸಂದಿನ ಹರ್ನಿಯಾ ಇರುವವರಿಗೆ ಅಗಲ ಹೆಜ್ಜೆಯ ಲಂಜ್ ಮತ್ತು ಒಳತೊಡೆಯ ಯಂತ್ರ ಎಳೆತವನ್ನುಂಟುಮಾಡಬಹುದು. ಹೊಕ್ಕುಳಿನ ಹರ್ನಿಯಾ ಇರುವವರಿಗೆ ಪ್ಲ್ಯಾಂಕ್ ಮತ್ತು ದಂಡ ಸರಿಬಾರದು. ಸಿಟ್‌ಅಪ್, ಕಾಲೆತ್ತುವ ವ್ಯಾಯಾಮ, ಜಿಗಿತ, ಕೆಟಲ್‌ಬೆಲ್ ಬೀಸುವುದು ಯಾರಿಗೂ ಬೇಡ.

ವ್ಯಾಯಾಮಕ್ಕಿಂತ ಅದರ ಆಚೀಚೆಯ ಕ್ಷಣಗಳಲ್ಲಿ ಎಚ್ಚರ ತಪ್ಪುವುದೇ ಹೆಚ್ಚು. ಹತ್ತು ಕಿಲೋ ಡಂಬಲ್‌ನಿಂದ ಜಾಗರೂಕತೆಯಿಂದ ಸೆಟ್ ಮುಗಿಸಿದವರು, ಯಾರೋ ನೆಲದ ಮೇಲೆ ಬಿಟ್ಟುಹೋದ ಇಪ್ಪತ್ತೈದು ಕಿಲೋ ತಟ್ಟೆಯನ್ನು ಬಗ್ಗಿ ಎತ್ತಿ ಪಕ್ಕಕ್ಕಿಡುತ್ತಾರೆ. ತೂಕಗಳನ್ನು ಸೊಂಟದೆತ್ತರದ ಸ್ಟ್ಯಾಂಡಿನಿಂದಲೇ ತೆಗೆದುಕೊಳ್ಳಿ, ಅಲ್ಲಿಗೇ ಹಿಂದಿರುಗಿಸಿ. ಭಾರದ ತಟ್ಟೆಗಳನ್ನು ಬೇರೆಯವರಿಂದ ತೆಗೆಸಿಕೊಳ್ಳಲು ಸಂಕೋಚ ಬೇಡ. ಭಾರ ಎತ್ತುವವರು ಸೊಂಟಕ್ಕೆ ಬಿಗಿಯುವ ಚರ್ಮದ ಪಟ್ಟಿ ಒತ್ತಡವನ್ನು ಹೆಚ್ಚಿಸುತ್ತದೆಯಾದ್ದರಿಂದ ಅದನ್ನು ಹರ್ನಿಯಾ ಬೆಲ್ಟ್ ಎಂದು ಭಾವಿಸಬಾರದು. ನಿಜವಾದ ಹರ್ನಿಯಾ ಬೆಲ್ಟನ್ನು ಕೂಡ ಸರ್ಜನ್ ಹೇಳಿದ್ದರೆ ಮಾತ್ರ, ಮಲಗಿಕೊಂಡು ಉಬ್ಬು ಪೂರ್ತಿ ಒಳಹೋದ ಮೇಲೆ ಕಟ್ಟಿಕೊಳ್ಳಬೇಕು.

ಇಷ್ಟು ಕಡಿಮೆ ಮಾಡಿದರೆ ಗಳಿಸಿದ್ದೆಲ್ಲ ಕರಗಿಹೋಗುತ್ತದೆ ಎಂಬ ಭಯ ಸಹಜ. 2011ರ ಒಂದು ಅಧ್ಯಯನದಲ್ಲಿ, ಹದಿನಾರು ವಾರ ತರಬೇತಿ ಪಡೆದ 20ರಿಂದ 35ರ ವಯಸ್ಸಿನವರು ಮುಂದಿನ ಮೂವತ್ತೆರಡು ವಾರ ವ್ಯಾಯಾಮದ ಮೊತ್ತವನ್ನು ಒಂಬತ್ತನೆಯ ಒಂದಕ್ಕೆ ಇಳಿಸಿದರೂ ಸ್ನಾಯುವಿನ ಗಾತ್ರವನ್ನು ಉಳಿಸಿಕೊಂಡರು. ಅರವತ್ತು ದಾಟಿದವರಿಗೆ ಅಷ್ಟು ಸಾಲಲಿಲ್ಲ. ಆ ಅಧ್ಯಯನದಲ್ಲಿ ಕಡಿಮೆ ಮಾಡಿದ್ದು ದಿನಗಳನ್ನು ಮತ್ತು ಸೆಟ್‌ಗಳನ್ನು, ತೂಕವನ್ನಲ್ಲ ಎಂಬುದನ್ನು ಮರೆಯುವಂತಿಲ್ಲ, ಆದ್ದರಿಂದ ನಮ್ಮ ಲೆಕ್ಕಕ್ಕೆ ಅದು ಪೂರ್ತಿ ಹೊಂದುವುದಿಲ್ಲ. ಆದರೂ ವಾರಕ್ಕೆ ಎರಡು ದಿನ, ಪ್ರತಿ ವ್ಯಾಯಾಮಕ್ಕೆ ಎರಡು ಸೆಟ್, ಒಂದು ಸೆಟ್‌ಗೆ ಹನ್ನೆರಡರಿಂದ ಹದಿನೈದು ರೆಪ್ ಮಾಡಿದರೆ ಏನನ್ನೂ ಮಾಡದೆ ಕೂತದ್ದಕ್ಕಿಂತ ಬಹಳಷ್ಟು ಉಳಿಯುತ್ತದೆ. ಉಳಿದ ದಿನ ನಡಿಗೆ ಇರಲಿ.

ಜಿಮ್ಮಿನ ಹೊರಗೂ ಇದೇ ಒತ್ತಡದ ಲೆಕ್ಕ ನಡೆಯುತ್ತದೆ. ಮಲಬದ್ಧತೆಯಿಂದ ದಿನವೂ ತಿಣುಕುವವರು, ಕೆಮ್ಮಿಗೆ ಚಿಕಿತ್ಸೆ ಪಡೆಯದವರು ಡಂಬಲ್ ಬಿಟ್ಟು ಪ್ರಯೋಜನವಿಲ್ಲ. ಧೂಮಪಾನ ಕೆಮ್ಮನ್ನೂ ಹೆಚ್ಚಿಸುತ್ತದೆ, ಗಾಯ ಮಾಗುವುದನ್ನೂ ತಡೆಯುತ್ತದೆ. ಬಿಡುವುದಾದರೆ ಶಸ್ತ್ರಚಿಕಿತ್ಸೆಗೆ ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು. ಕೆಮ್ಮು ಅಥವಾ ಸೀನು ತಡೆಯಲಾಗದೆ ಬಂದಾಗ ಅಂಗೈಯಿಂದ ಉಬ್ಬಿನ ಜಾಗವನ್ನು ಒತ್ತಿಹಿಡಿದರೆ ಎಳೆತ ಕಡಿಮೆಯಾಗುತ್ತದೆ.

ಯಾವ ದಿನ ಯಾವ ವ್ಯಾಯಾಮ, ಎಷ್ಟು ತೂಕ, ಉಬ್ಬು ಹೇಗಿತ್ತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಶಸ್ತ್ರಚಿಕಿತ್ಸೆಗೆ ಮೂರು ದಿನ ಮುಂಚೆ ಭಾರದ ವ್ಯಾಯಾಮ ನಿಲ್ಲಿಸಿ, ಆ ಪುಸ್ತಕವನ್ನು ಸರ್ಜನ್‌ಗೆ ತೋರಿಸಿ, ಅವರು ಮಾಡಲಿರುವುದು ಕೀಹೋಲ್ (ಸಣ್ಣ ರಂಧ್ರಗಳ ಮೂಲಕ ಮಾಡುವ) ವಿಧಾನವೋ ತೆರೆದ ವಿಧಾನವೋ, ಮೆಶ್ (ದುರ್ಬಲ ಜಾಗಕ್ಕೆ ಆಸರೆಯಾಗುವ ಬಲೆ) ಹಾಕುತ್ತಾರೋ ಇಲ್ಲವೋ, ಆನಂತರ ಎಷ್ಟು ವಾರಕ್ಕೆ ಎಷ್ಟು ಕಿಲೋ ಎತ್ತಬಹುದು ಎಂಬುದನ್ನು ಆಸ್ಪತ್ರೆಗೆ ಸೇರುವ ಮೊದಲೇ ಕೇಳಿ ಅದೇ ಪುಸ್ತಕದಲ್ಲಿ ಬರೆದುಕೊಳ್ಳಿ.