ಹೆಸರು ಮರೆಯಾದ ಬ್ಲೂಸ್ ಗಾಯಕಿಯ ಧ್ವನಿಮುದ್ರಣಗಳನ್ನು ಗುರುತಿಸಿ ಜೋಡಿಸುವ ಬಗೆ

1920ರ ಆಗಸ್ಟಿನಲ್ಲಿ ಮೇಮಿ ಸ್ಮಿತ್ ಎಂಬ ಕಪ್ಪು ಗಾಯಕಿ ಓಕೆ ಎಂಬ ಧ್ವನಿಮುದ್ರಣ ಕಂಪನಿಗಾಗಿ ಹಾಡಿದ ‘ಕ್ರೇಜಿ ಬ್ಲೂಸ್’ ಭರ್ಜರಿಯಾಗಿ ಮಾರಾಟವಾದ ಮೇಲೆ, ಅಮೆರಿಕದ ಕಂಪನಿಗಳು ಕಪ್ಪು ಜನರ ನಡುವೆ ಬೆಳೆದ ಬ್ಲೂಸ್ ಎಂಬ ಹಾಡಿನ ಪ್ರಕಾರಕ್ಕಾಗಿ ಕಪ್ಪು ಗಾಯಕಿಯರನ್ನು ಹುಡುಕಿ ಹುಡುಕಿ ಹಾಡಿಸಿದವು. ಅವರಲ್ಲಿ ಹಲವರ ಕುರಿತು ಇಂದು ಉಳಿದಿರುವುದು ಬೆರಳೆಣಿಕೆಯ ಗ್ರಾಮಫೋನ್ ತಟ್ಟೆಗಳು ಮಾತ್ರ. ಅಂಥವರ ವೃತ್ತಿಜೀವನವನ್ನು ಬರೆಯಲು ಹೊರಟವರು ದಂತಕಥೆಗಳನ್ನು ಬದಿಗಿಟ್ಟು ತಟ್ಟೆಯಿಂದಲೇ ಆರಂಭಿಸಬೇಕು.

ಪ್ರತಿ ತಟ್ಟೆಗೂ ಎರಡು ಬಗೆಯ ಸಂಖ್ಯೆಗಳಿರುತ್ತವೆ. ತಟ್ಟೆಯ ನಡುವೆ ಅಂಟಿಸಿದ ಕಾಗದದ ಲೇಬಲ್ಲಿನ ಮೇಲೆ ಎದ್ದು ಕಾಣುವ ಕ್ಯಾಟಲಾಗ್ ಸಂಖ್ಯೆಯು ಮಾರಾಟಕ್ಕಾಗಿ ಕೊಟ್ಟದ್ದು. ಧ್ವನಿಮುದ್ರಣದ ಅನುಕ್ರಮವನ್ನು ತಿಳಿಸುವುದು ಮ್ಯಾಟ್ರಿಕ್ಸ್ ಸಂಖ್ಯೆ. ಧ್ವನಿಯ ಗೀರುಗಳು ಮುಗಿದು ಲೇಬಲ್ ಆರಂಭವಾಗುವ ನಡುವಿನ ನುಣುಪಾದ ಪಟ್ಟಿಯನ್ನು ಓರೆ ಬೆಳಕಿಗೆ ಹಿಡಿದರೆ ಅದು ಸಾಮಾನ್ಯವಾಗಿ ಕಾಣಿಸುತ್ತದೆ. ಪ್ಯಾರಾಮೌಂಟ್ ಎಂಬ ಧ್ವನಿಮುದ್ರಣ ಕಂಪನಿಯ ತಟ್ಟೆಯಲ್ಲಿ ಈ ಸಂಖ್ಯೆ ‘ಎಲ್’ ಅಕ್ಷರದಿಂದ ಆರಂಭವಾದರೆ ಅದು ವಿಸ್ಕಾನ್ಸಿನ್ನಿನ ಗ್ರಾಫ್ಟನ್ ಸ್ಟುಡಿಯೋದಲ್ಲಿ ಮುದ್ರಿತವಾದದ್ದೆಂದು ತಿಳಿಯಬಹುದು. ಒಂದೇ ದಿನ ಹಾಡಿದವು ಬೇರೆ ಬೇರೆ ತಿಂಗಳಲ್ಲಿ ಬಿಡುಗಡೆಯಾಗುತ್ತಿದ್ದುದರಿಂದ, ಪಟ್ಟಿಯನ್ನು ಮ್ಯಾಟ್ರಿಕ್ಸ್ ಕ್ರಮದಲ್ಲಿಯೇ ಬರೆದುಕೊಳ್ಳಬೇಕು. ತಟ್ಟೆ ಕೈಗೆ ಸಿಗದಿದ್ದರೆ ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ನಡೆಸುವ ಮುಕ್ತ ದತ್ತಸಂಚಯದಲ್ಲಿ ಹುಡುಕಿ ನೋಡಬಹುದು.

ಹೆಚ್ಚು ಶ್ರಮ ಬೇಡುವುದು ಹೆಸರಿನ ವಿಚಾರ. ಪ್ಯಾರಾಮೌಂಟಿನೊಂದಿಗೆ ಒಪ್ಪಂದವಿದ್ದ ಆಲ್ಬರ್ಟಾ ಹಂಟರ್ 1924ರಲ್ಲಿ ಜೆನೆಟ್ ಕಂಪನಿಗೆ ಜೋಸೆಫೀನ್ ಬೀಟಿ ಎಂಬ ಹೆಸರಿನಲ್ಲಿ ಹಾಡಿದರು. ಹೀಗಾಗಿ ಲೇಬಲ್ಲಿನ ಹೆಸರು ಹೊಸದೆಂಬ ಮಾತ್ರಕ್ಕೆ ಗಾಯಕಿಯೂ ಹೊಸಬಳೆಂದು ಭಾವಿಸಲಾಗದು. 1930–31ರ ಸುಮಾರಿಗೆ ಪ್ಯಾರಾಮೌಂಟಿಗಾಗಿ ಗೀಷಿ ವೈಲಿ ಮತ್ತು ಎಲ್ವಿ ಥಾಮಸ್ ಎಂಬಿಬ್ಬರು ಮೂರು ತಟ್ಟೆಗಳಲ್ಲಿ ಒಟ್ಟು ಆರು ಹಾಡುಗಳನ್ನು ಬಿಟ್ಟುಹೋದರು. ಅವುಗಳಲ್ಲೊಂದಾದ ‘ಲಾಸ್ಟ್ ಕೈಂಡ್ ವರ್ಡ್ಸ್ ಬ್ಲೂಸ್’ ಇಂದು ಬಹುಪ್ರಸಿದ್ಧವಾಗಿದ್ದರೂ ಹಾಡಿದವಳ ಬದುಕು ಬಹುಕಾಲ ಕತ್ತಲೆಯಲ್ಲಿಯೇ ಇತ್ತು. ಎಲ್ವಿ ಎಂದು ಲೇಬಲ್ಲಿನಲ್ಲಿ ಅಚ್ಚಾದದ್ದು ವಾಸ್ತವವಾಗಿ ಎಲ್. ವಿ. ಎಂಬ ಎರಡು ಅಕ್ಷರಗಳು. ಸಂಶೋಧಕ ಮ್ಯಾಕ್ ಮೆಕಾರ್ಮಿಕ್ 1961ರಲ್ಲಿಯೇ ಟೆಕ್ಸಾಸಿನಲ್ಲಿ ಈ ಥಾಮಸ್ ಅವರನ್ನು ಕಂಡು ಮಾತನಾಡಿಸಿದ್ದರೂ ಆ ವಿವರಗಳು ಸಾರ್ವಜನಿಕರಿಗೆ ದೊರೆತದ್ದು 2014ರಲ್ಲಿ. (ಸಂಗ್ರಾಹಕರ ಕಪಾಟಿನಲ್ಲಿ ಉಳಿದ ಟಿಪ್ಪಣಿಯೂ ಕಳೆದುಹೋದ ತಟ್ಟೆಯಷ್ಟೇ ನಷ್ಟಕರವೆಂಬುದು ನನ್ನ ಅಭಿಪ್ರಾಯ.) ಆದುದರಿಂದ ಲೇಬಲ್ಲಿನ ಹೆಸರನ್ನು ಗಟ್ಟಿಯಾಗಿ ಉಚ್ಚರಿಸಿ, ಅದೇ ಸದ್ದು ಬರುವ ಎಲ್ಲ ಕಾಗುಣಿತಗಳಲ್ಲಿಯೂ ಜನಗಣತಿಯನ್ನು ಶೋಧಿಸಬೇಕು; ಅಮೆರಿಕದಲ್ಲಿ ಗಣತಿಯ ಹಾಳೆಗಳು 72 ವರ್ಷಗಳ ಬಳಿಕ ತೆರೆಯುವುದರಿಂದ 1950ರವರೆಗಿನವು ಈಗ ಲಭ್ಯವಿವೆ.

ಬಿಡುಗಡೆಯ ಕಾಲವನ್ನು ‘ಷಿಕಾಗೋ ಡಿಫೆಂಡರ್’ ಪತ್ರಿಕೆಯ ಹಳೆಯ ಜಾಹೀರಾತುಗಳಿಂದ ಅಂದಾಜು ಮಾಡಬಹುದು. ಆದರೆ ಜಾಹೀರಾತಿನ ದಿನಾಂಕವನ್ನು ಧ್ವನಿಮುದ್ರಣದ ದಿನಾಂಕವೆಂದು ಬರೆಯಕೂಡದು.

ಕೊನೆಯದಾಗಿ ಕೇಳುವ ಕೆಲಸ. ಆ ಕಾಲದ ತಟ್ಟೆಗಳೆಲ್ಲ ನಿಖರವಾಗಿ ನಿಮಿಷಕ್ಕೆ 78 ಸುತ್ತಿನ ವೇಗದಲ್ಲಿ ಮುದ್ರಿತವಾಗಿರಲಿಲ್ಲವಾದ್ದರಿಂದ, ದನಿ ತೆಳುವಾಗಿದೆಯೆಂಬ ಕಾರಣಕ್ಕೆ ಇಬ್ಬರು ಬೇರೆ ಬೇರೆ ಗಾಯಕಿಯರೆಂದು ತೀರ್ಮಾನಿಸುವ ಮೊದಲು ವೇಗವನ್ನು ಸರಿಪಡಿಸಿ, ಉಸಿರೆಳೆಯುವ ಜಾಗ, ಸಾಲಿನ ಕೊನೆಯ ಎಳೆತ, ಉಚ್ಚಾರಣೆ ಇವನ್ನು ಹೋಲಿಸಬೇಕು. ಹೊಂದಿಕೆಯಾದರೂ, ಬರವಣಿಗೆಯ ಸಾಕ್ಷ್ಯ ಸಿಗುವವರೆಗೆ ಆ ನಮೂದಿನ ಪಕ್ಕದಲ್ಲಿ ‘ಊಹೆ’ ಎಂದೇ ಗುರುತು ಹಾಕಿರಬೇಕು.